ಗುಂಡಿ ತೆರೆಯುವ ಮೊದಲು

ಕಂದಾವು ದ್ವೀಪ, ಫಿಜಿ
16 ಜೂನ್ 1985, ಭಾನುವಾರ

ನನ್ನ ಸಕಿಯುಸಾ,

ಲೆಬನಾನಿನ ಕಾವಲು ಠಾಣೆಯಲ್ಲಿ ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತೇ? ಬಿಸಿಲಿಗೆ ಟೋಪಿಯನ್ನಾದರೂ ಸರಿಯಾಗಿ ಹಾಕಿಕೋ, ಮಾರಾಯ. ಇಲ್ಲಿ ಎಲ್ಲರೂ ಚರ್ಚಿಗೆ ಹೋಗಿದ್ದಾರೆ. ಅಂಗಳದ ಗುಂಡಿಯಲ್ಲಿ, ಕಾದ ಕಲ್ಲುಗಳ ಮೇಲೆ, ಕೆಸುವಿನೆಲೆಯ ಪೊಟ್ಟಣಗಳು ಮಣ್ಣು ಹೊದ್ದು ಬೇಯುತ್ತಿವೆ. ಅವು ಹೊರಬರುವ ಮೊದಲು ಈ ಪತ್ರ ಮುಗಿಸಬೇಕೆಂದು ನಿನ್ನ ಅಜ್ಜಿಯ ಅಪ್ಪಣೆಯಾಗಿದೆ.

ಮದುವೆಯ ದಿನ ಬುಬು ಊನೈಸಿ ನನ್ನನ್ನು "ಡಬ್ಬಿ ಮೀನಿನ ಸೊಸೆ" ಅಂದಿದ್ದರಲ್ಲ, ಅಜ್ಜಿಯ ಆ ಮಾತನ್ನು ನಾನಂತೂ ಮರೆತಿಲ್ಲ. ಅದಕ್ಕೇ ಕಚೇರಿಗೆ ರಜೆ ಹಾಕಿ, ದೋಣಿಯಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಸುವಾದಿಂದ ಇಲ್ಲಿಗೆ ಅಡುಗೆ ಕಲಿಯಲು ಬಂದೆ. ಕಾಯಿ ತುರಿದು ತುರಿದು ಬೆರಳು ಸವೆದಿವೆ. ಕಾಯಿಹಾಲು ಹಿಂಡುವಾಗ "ಹಿಂಡೇ ಅಂದ್ರೆ ಸವರ್ತಾ ಕೂತಿದೀಯಲ್ಲ!" ಎಂದು ಬೈಸಿಕೊಂಡಿದ್ದೇನೆ. ಎಲೆಯನ್ನು ಅಂಗೈಯಲ್ಲಿ ಬಟ್ಟಲಿನಂತೆ ಹಿಡಿದು, ಹಾಲು, ಈರುಳ್ಳಿ ಹಾಕಿ, ಹನಿ ಸೋರದಂತೆ ಮಡಚುವುದು ಈಗ ಬರುತ್ತದೆ.

ಆದರೆ ಮೊದಲ ಭಾನುವಾರ ಎಲೆ ಬೇಯಲೇ ಇಲ್ಲ. ಅರೆಬೆಂದ ಕೆಸು ತಿಂದ ಪಾದ್ರಿಗಳು ಮಧ್ಯಾಹ್ನದ ಪ್ರಾರ್ಥನೆಯುದ್ದಕ್ಕೂ ತುರಿಸುವ ಗಂಟಲು ಕೆರೆದುಕೊಂಡರು. ಮುಂದಿನ ಭಾನುವಾರವೂ ಅದೇ ಕಥೆ. ಬುಬು ಕಲ್ಲು ನೋಡಿದರು, ಸೌದೆ ನೋಡಿದರು, ಆಮೇಲೆ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. "ಬೆಂಕೀದೇನೂ ತಪ್ಪಿಲ್ಲ. ಯಾರೋ ಬಸುರು ಮುಚ್ಚಿಟ್ಕೊಂಡಿದ್ದಾರೆ. ಅದಕ್ಕೇ ಅಡುಗೆ ಬೇಯ್ತಿಲ್ಲ." ಎಲ್ಲರ ಜೊತೆ ನಾನೂ ನಕ್ಕೆ. ಪಟ್ಟಣದಲ್ಲಿ ಟೈಪು ಕುಟ್ಟುವವಳು ಇಂಥದ್ದನ್ನೆಲ್ಲ ನಂಬುವುದುಂಟೇ! ಮರುದಿನ ಮಾತ್ರ ಬುಬುವಿನ ಕಣ್ಣಿಗೆ ಬೀಳದಂತೆ ತುರಿಮಣೆಯನ್ನು ಹಿತ್ತಲಿಗೆ ಒಯ್ದು ಕೂತೆ.

ಹೌದು, ಸಕಿಯುಸಾ. ನೀನು ಹೊರಟಾಗಿನಿಂದ ಎಣಿಸಿದರೆ ಮೂರು ತಿಂಗಳು ತುಂಬಿತು. ನಿನಗೂ ಹೇಳಲಿಲ್ಲ. ಹಿಂದೆ ಎರಡು ಸಲ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಕುಣಿದೆವು, ಎರಡು ಸಲವೂ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದೆವು. ಬಾಯಿಬಿಟ್ಟದ್ದಕ್ಕೇ ಹೋದವು ಅನ್ನಿಸಿಬಿಟ್ಟಿತ್ತು ನನಗೆ. ನಿನ್ನೆ ತಡೆಯಲಾರದೆ ಬುಬುವಿನ ಹತ್ತಿರ ಅತ್ತುಕೊಂಡು ಹೇಳಿದೆ. ಅವರು ಬೈಯಲಿಲ್ಲ. ತುರಿಮಣೆಯಿಂದ ನನ್ನನ್ನು ಎಬ್ಬಿಸಿ ತಾವೇ ಕೂತರು. "ನಿನ್ನ ಮಾವನ್ನ ಹೆರೋಕ್ಮುಂಚೆ ನಂದೂ ಎರಡು ಹೋಯ್ತು ಕಣೇ. ಹೇಳಿದ್ದಕ್ಕೆ ಯಾವ್ದೂ ಹೋಗಲ್ಲ. ನೀನೊಬ್ಳೇ ಯಾಕೆ ಹೆದರ್ತಾ ಕೂರ್ಬೇಕು? ನಾವೆಲ್ಲ ಇಲ್ವಾ?" ಅಂದರು. ಗಂಡನಿಗೂ ಹೇಳಿಲ್ಲವೆಂದು ತಿಳಿದಾಗ ಮಾತ್ರ ಸಿಡಿದರು: "ನಾಳೆ ಗುಂಡಿ ತೆಗೆಯೋದ್ರೊಳಗೆ ಅವ್ನಿಗೆ ಬರಿ. ಇಲ್ಲಾಂದ್ರೆ ಪಾದ್ರಿ ಗಂಟಲಿಗೆ ನೀನೇ ಹೊಣೆ!"

ಅದಕ್ಕೇ ಬರೆಯುತ್ತಿದ್ದೇನೆ. ಭಯವಿದೆ, ಸುಳ್ಳು ಹೇಳುವುದಿಲ್ಲ. ನನ್ನ ಪ್ರಾರ್ಥನೆಯಲ್ಲಿ ದಿನವೂ ನಿನ್ನ ಹೆಸರೇ ಮೊದಲು. ಜೊತೆಯ ಹುಡುಗರಿಗೆಲ್ಲ ಊರವರು ಕೇಳಿದರೆಂದು ಹೇಳು.

ನಿನ್ನ
ಕೆಲೆರಾ

ಮತ್ತೆ: ಗುಂಡಿ ತೆರೆದರು. ಎಲೆ ಬೆಣ್ಣೆಯ ಹಾಗೆ ಬೆಂದಿದೆ! ಮೊದಲ ಪೊಟ್ಟಣ ಯಾವಾಗಲೂ ಪಾದ್ರಿಗಳದ್ದು, ನಿನಗೆ ಗೊತ್ತಲ್ಲ. ಅವರು ಕೈ ಚಾಚುವಷ್ಟರಲ್ಲಿ ಬುಬು ಅದನ್ನು ಎತ್ತಿ ನನ್ನ ಮುಂದಿಟ್ಟು, ಊರಿಗೆಲ್ಲ ಕೇಳುವಂತೆ ಹೇಳಿದರು: "ತಿನ್ನಿ, ಇಬ್ರೂ ತಿನ್ನಿ."