ಮೆಟ್ಟಿಲ ಗೋಡೆಯ ಐದನೆಯ ಮೊಳೆ

ಥಂಡರ್ ಬೇ, ಒಂಟಾರಿಯೊ
೯ ಜೂನ್ ೨೦೧೯

ಪ್ರೀತಿಯ ಹಾಲ್ಯಾ ಅಮ್ಮನಿಗೆ,

ನಿಮ್ಮ ವೇಡ್ ಮಾಡುವ ನಮಸ್ಕಾರಗಳು. ನೀವು ಬೈಯುತ್ತಿರುವುದು ಯಾರ್ಕ್‌ಟನ್ನಿನಿಂದ ಇಲ್ಲಿಯವರೆಗೂ ಕೇಳಿಸುತ್ತಿದೆ, ಬೈಯಿರಿ. ನಿಮ್ಮ ಕಾಗದ ಏಪ್ರಿಲ್ ಕೊನೆಗೇ ಬಂದಿತ್ತು. ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿಟ್ಟಿದ್ದೇನೆ. ಹಾಲು ತೆಗೆಯಲು ಹೋದಾಗಲೆಲ್ಲ ಎದುರಿಗೆ ಅದೇ. "ಆ ಅಮ್ಮಂಗೆ ನಾಲ್ಕು ಸಾಲು ಬರೆಯೋಕೆ ನಿಂಗೇನ್ ರೋಗ ಬಂದಿದೆ?" ಎಂದು ಟ್ರೇಸಿ ದಿನಾ ಕೇಳುತ್ತಾಳೆ. ಹೆಂಡತಿಗೆ ಹೇಳಲು ಏನೋ ಒಂದು ನೆಪ ಸಿಗುತ್ತದೆ, ನಿಮಗೆ ಹೇಳಲು ಸಿಗಲಿಲ್ಲ. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಕೇಳಿಸದು, ನಾನು ಕಿರುಚಿ ಹೇಳುವ ವಿಷಯವೂ ಇದಲ್ಲ.

ಒರೆಸ್ಟ್ ಮಾವನ ಮಂಡಿ ಆಪರೇಷನ್ ಸುಸೂತ್ರವಾಯಿತೆಂದು ಓದಿ ಸಮಾಧಾನವಾಯಿತು. ಅವರು ಕೋಲು ಹಿಡಿಯಲು ನಾಚಿಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ನಾನು ಇಪ್ಪತ್ತು ವರ್ಷ ಐಸ್ ಹಾಕಿಯ ಕೋಲು ಹಿಡಿದೇ ಅನ್ನ ತಿಂದವನು, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲವೆಂದು ಅವರಿಗೆ ಹೇಳಿ. ಇಲ್ಲಿ ಸರೋವರದಿಂದ ಇನ್ನೂ ಚಳಿಗಾಳಿ ಬರುತ್ತಿದೆ, ಅದರ ಜೊತೆಗೆ ಸೊಳ್ಳೆಯೂ ಶುರುವಾಗಿದೆ. ಟ್ರೇಸಿ ನೀವು ಹೇಳಿಕೊಟ್ಟ ಹಾಗೇ ಪಿರೋಗಿ ಕಡುಬು ಮಾಡುತ್ತಾಳೆ. ಆದರೆ ಬೇಯುವಾಗ ಅಂಚು ಬಿಟ್ಟುಕೊಂಡು ಆಲೂಗೆಡ್ಡೆಯೆಲ್ಲ ನೀರುಪಾಲಾಗುತ್ತದೆ. ಅವಳಿಗೆ ನಾನು ಹೀಗೆ ಬರೆದೆನೆಂದು ಹೇಳಬೇಡಿ.

ಇನ್ನೊಂದು ಸುದ್ದಿ, ನಾನು ಆಟ ಬಿಟ್ಟೆ. ಬಂದರಿನ ಧಾನ್ಯದ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ, ಜುಲೈಯಿಂದ ಶುರು. ಈ ಸಲ ಬಾಡಿಗೆಗಲ್ಲ, ಸ್ವಂತ ಮನೆಗೇ ಸಾಮಾನು ಸಾಗಿಸಬೇಕು. ಮದುವೆಯಾದಂದಿನಿಂದ ಬಿಚ್ಚದೇ ಊರಿಂದೂರಿಗೆ ಹೊತ್ತ ಪೆಟ್ಟಿಗೆಗಳನ್ನು ಟ್ರೇಸಿ ಈಗ ಬಿಚ್ಚುತ್ತಾಳಂತೆ.

ಈಗ ನಿಮ್ಮ ಕಾಗದಕ್ಕೆ ಬರುತ್ತೇನೆ. "ಫೋಟೊನ ಮೊಳೆಗೆ ಹಾಕಿಬಿಟ್ಟೆ ಕಣೋ. ಆ ದಿನ ಹೇಗಿತ್ತು, ಒಂದೂ ಬಿಡದೆ ಬರಿ" ಎಂದು ಬರೆದಿದ್ದೀರಿ. ಅದನ್ನು ಓದಿದ ಮೇಲೆಯೇ ನನ್ನ ಕೈ ನಿಂತುಹೋಯಿತು.

ಅಮ್ಮ, ಊರಿನ ತಂಡಕ್ಕೆ ಆಡಲು ಹದಿನಾರಕ್ಕೇ ಮನೆ ಬಿಟ್ಟು ಬಂದ ನಮ್ಮಂಥವರನ್ನು ನೀವು ವರ್ಷಾನುಗಟ್ಟಲೆ ನೆಲಮಾಳಿಗೆಯಲ್ಲಿ ಇಟ್ಟುಕೊಂಡು ಸಾಕಿದಿರಿ. ಅವರಲ್ಲಿ ಮೇಲಿನ ಲೀಗಿನಲ್ಲಿ ಒಂದೇ ಒಂದು ಆಟ ಆಡಿದವನಿಗೂ ಮೆಟ್ಟಿಲ ಗೋಡೆಯ ಮೇಲೆ ಜಾಗ. ಒಂದು ಕಡಿಮೆಯಾದರೂ ಇಲ್ಲ, ಅದು ನಿಮ್ಮ ಕಟ್ಟುನಿಟ್ಟು. ಅಲ್ಲಿ ನಾಲ್ವರು ನೇತಾಡುತ್ತಿದ್ದರು. ನಾನು ಹೊರಡುವ ದಿನ ನೀವು ಸುತ್ತಿಗೆ ತಂದು ಐದನೆಯ ಮೊಳೆ ಹೊಡೆದಿರಿ. "ಇದು ನಿಂದು. ಬೇರೆ ಯಾವನಿಗೂ ಕೊಡಲ್ಲ. ಬರೋವರ್ಗೂ ಧೂಳು ಹೊಡೀತಾ ಇರ್ತೀನಿ" ಎಂದಿರಿ. ಒಮ್ಮೆ ಒರೆಸ್ಟ್ ಮಾವ ಅದಕ್ಕೆ ಟೋಪಿ ಸಿಕ್ಕಿಸಿ ನಿಮ್ಮಿಂದ ಎರಡು ದಿನ ಮಾತಿಲ್ಲದೆ ಊಟ ಮಾಡಿದ್ದನ್ನು ನಾನು ಎಷ್ಟು ತಂಡಗಳಲ್ಲಿ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಆ ಮೊಳೆ ನನ್ನ ಜೊತೆಗೇ ಊರೂರು ತಿರುಗಿತು.

ಊರುಗಳೋ, ಕೇಳಬೇಡಿ. ಮೇನ್‌ನಿಂದ ಒಕ್ಲಹೋಮದವರೆಗೆ, ನಡುವೆ ಒಂದು ಚಳಿಗಾಲ ಸ್ಲೊವಾಕಿಯಾ. ಎಲ್ಲ ಕಡೆಯೂ ನನ್ನನ್ನು ಕರೆಸಿಕೊಂಡದ್ದು ಒಂದೇ ಕೆಲಸಕ್ಕೆ. ಎಳೆಯ ಡಿಫೆನ್ಸ್ ಆಟಗಾರನೊಬ್ಬನನ್ನು ತಂದು ಪಕ್ಕದಲ್ಲಿ ನಿಲ್ಲಿಸಿ "ಇವನನ್ನ ತಯಾರು ಮಾಡು" ಎನ್ನುವುದು. ನಾನು ಗೋಲಿನ ಹತ್ತಿರ ಕಾವಲು ನಿಲ್ಲುತ್ತಿದ್ದೆ, ಅವನು ಪಕ್ ಬಿಲ್ಲೆ ತೆಗೆದುಕೊಂಡು ಮುಂದೆ ಓಡುತ್ತಿದ್ದ. ತಯಾರಾದವನನ್ನು ಮೇಲಕ್ಕೆ ಕರೆಸಿಕೊಳ್ಳುತ್ತಿದ್ದರು. ನಾನು ಇನ್ನೊಬ್ಬನಿಗಾಗಿ ಇನ್ನೊಂದು ಊರಿಗೆ ಹೋಗುತ್ತಿದ್ದೆ. ಹೊಟ್ಟೆಕಿಚ್ಚು ಇರಲಿಲ್ಲವೇ ಎಂದು ಕೇಳಿದರೆ, ಇತ್ತು.

ಕೊನೆಯವನು ಐಸಾಕ್ ಥೀಸೆನ್. ಮ್ಯಾನಿಟೋಬಾದ ಹಂದಿ ಸಾಕುವ ಮನೆಯ ಹುಡುಗ, ಮಾತು ಕಡಿಮೆ. ಎರಡು ವರ್ಷ ಇಲ್ಲಿ ನನ್ನ ಪಕ್ಕದಲ್ಲಿ ಆಡಿದ. ನನ್ನನ್ನು "ಮುದುಕ" ಎಂದೇ ಕರೆಯುತ್ತಿದ್ದ. ಬೆನ್ನು ಹಿಂದಾಗಿ ಜಾರುತ್ತಾ ಎಡಕ್ಕೆ ತಿರುಗುವಾಗ ಅವನ ಕಾಲು ತೊಡರುತ್ತಿತ್ತು. ಎಲ್ಲರೂ ಮನೆಗೆ ಹೋದ ಮೇಲೆ ಅವನನ್ನು ನಿಲ್ಲಿಸಿಕೊಂಡು ಆ ತಿರುವು ಕಲಿಸಿದೆ. "ಬಿಡೋ ಮಾರಾಯ, ಹಸಿವಾಗ್ತಿದೆ" ಎಂದು ಗೋಗರೆದರೂ ಬಿಡಲಿಲ್ಲ. ಈ ಜನವರಿಯಲ್ಲಿ ಅವನನ್ನು ಮೇಲಕ್ಕೆ ಕರೆಸಿಕೊಂಡರು. ಹೊರಡುವಾಗ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಜಾಗದ ಮುಂದೆ ಬಂದು ನಿಂತ. "ನಿನ್ನ ಮೊಳೆ ಕಥೆ ಇನ್ನೊಂದ್ಸಲ ಹೇಳು" ಎಂದ. ಹೇಳಿದೆ.

ಏಪ್ರಿಲ್‌ನಲ್ಲಿ, ಸೀಸನ್ನಿನ ಕೊನೆಯ ಆಟಕ್ಕೆ ಮುಂಚಿನ ದಿನ, ಮೇಲಿನ ತಂಡದಿಂದ ನನಗೆ ಕರೆ ಬಂತು. ಐಸಾಕ್‌ನ ಎಡಗಾಲಿನ ಕೀಲು ನೋಯುತ್ತಿದೆಯಂತೆ, ಅವನಿಗೆ ಆಗದಿದ್ದರೆ ನಾನು ಆಡಬೇಕು. ಮೂವತ್ತಾರು ವರ್ಷದವನಿಗೆ ಮೊದಲ ಕರೆ! ಟ್ರೇಸಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಅಂದೇ ವಿಮಾನ ಹತ್ತಿದೆ.

ಶನಿವಾರ ಮಧ್ಯಾಹ್ನದ ಆಟ. ಜೆರ್ಸಿ ಕೊಕ್ಕೆಗೆ ಹಾಕಿಟ್ಟಿದ್ದರು, ಬೆನ್ನ ಮೇಲೆ ಡೆಲೋರ್ಮ್ ಎಂದು ನನ್ನ ಹೆಸರು. ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದೆ, ಆಟಗಾರರು ನೋಡಿದರೂ ನಾಚಿಕೆಯಾಗಲಿಲ್ಲ. ಐಸಾಕ್‌ನ ಕಾಲಿನ ತೀರ್ಮಾನ ಆಗುವವರೆಗೆ ಇಬ್ಬರೂ ಮೈ ಬಿಸಿಮಾಡಿಕೊಳ್ಳಲು ಐಸಿಗೆ ಇಳಿಯಿರಿ ಎಂದರು. ಅಲ್ಲಿನ ಪದ್ಧತಿ ನಿಮಗೆ ಗೊತ್ತೇ ಇದೆ. ಮೊದಲ ಸಲ ಬಂದವನನ್ನು ಮುಂದೆ ಬಿಟ್ಟು ಉಳಿದವರು ಬಾಗಿಲಲ್ಲೇ ನಿಂತುಬಿಡುತ್ತಾರೆ. ಅವನೊಬ್ಬನೇ, ಹೆಲ್ಮೆಟ್ಟಿಲ್ಲದೆ, ಖಾಲಿ ಐಸಿನ ಮೇಲೆ ಒಂದು ಸುತ್ತು ಹಾಕಬೇಕು. ಹದಿನೆಂಟರ ಹುಡುಗರು ಹಾಕುವ ಸುತ್ತನ್ನು ನಾನು ಬೋಳುತಲೆ ಹೊತ್ತು ಹಾಕಿದೆ. ಹಿಂದಿನಿಂದ ಐಸಾಕ್ "ಬಿದ್ದುಗಿದ್ದೀಯ, ಮುದುಕ!" ಎಂದು ಕೂಗಿದ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ಮಂಜಾಗಿ ಏನೂ ಕಾಣಿಸಲಿಲ್ಲ. ನಿಮ್ಮ ಊರಿನ ಪೇಪರಿನಲ್ಲಿ ಬಂದದ್ದು, ನೀವು ಕತ್ತರಿಸಿ ಮೊಳೆಗೆ ಹಾಕಿದ್ದು, ಆ ಸುತ್ತಿನ ಫೋಟೊ.

ಆಟದ್ದಲ್ಲ, ಅಮ್ಮ. ನಾನು ಆಡಲಿಲ್ಲ.

ಆ ದಿನ ನೀವು ಒರೆಸ್ಟ್ ಮಾವನ ಜೊತೆ ಆಸ್ಪತ್ರೆಯಲ್ಲಿದ್ದಿರಿ, ನಿಮಗೆ ಗೊತ್ತಾಗಿಲ್ಲ. ನಡೆದದ್ದು ಇಷ್ಟು. ಮೈ ಬಿಸಿಮಾಡಿಕೊಳ್ಳುವ ಹೊತ್ತು ಮುಗಿದು ಒಳಗೆ ಬಂದಾಗ ಕೋಚ್ ಬ್ರಾನಿಗನ್ ನನ್ನನ್ನು ಪಕ್ಕಕ್ಕೆ ಕರೆದರು. ತಂಡದ ಮ್ಯಾನೇಜರೂ ಅಲ್ಲೇ ನಿಂತಿದ್ದರು. ಕಾಲು ನೆಟ್ಟಗಿದ್ದರೆ ಹುಡುಗ ಆಡಲೇಬೇಕು ಎನ್ನುವುದು ಮ್ಯಾನೇಜರ ಪಟ್ಟು. ಐಸಾಕ್ ಬೆಂಚಿನ ಮೇಲೆ ಕೂತು ಸ್ಕೇಟಿನ ದಾರ ಸಡಿಲಿಸುತ್ತಿದ್ದ.

"ಡೆಲ್, ಎರಡು ವರ್ಷ ನಿನ್ ಪಕ್ಕದಲ್ಲಿ ಆಡಿದ ಹುಡುಗ. ಇವನ ಕಾಲು ನಿನಗಿಂತ ಯಾರಿಗೆ ಗೊತ್ತು? ಏನಂತೀಯ?" ಎಂದರು ಬ್ರಾನಿಗನ್. ನಾನು ಬಾಯಿ ತೆರೆಯುವ ಮೊದಲೇ, "ಸ್ವಲ್ಪ ಡೌಟಿದ್ರೂ ಹೇಳು. ಅಷ್ಟೇ ಸಾಕು, ಕೂರಿಸಿಬಿಡ್ತೀನಿ" ಎಂದು ಸೇರಿಸಿದರು.

ನಾನು ನೋಡಿದ್ದೆ. ಅವನು ಕುಂಟುತ್ತಿದ್ದ, ನಿಜ. ಆದರೆ ನೋವಿರುವವನು ನೋವಿನ ಕಾಲನ್ನು ಉಳಿಸಿಕೊಳ್ಳುತ್ತಾನೆ. ಇವನು ಎಡಕ್ಕೆ ತಿರುಗುವಾಗ ಭಾರವನ್ನೆಲ್ಲ ಅದೇ ಕಾಲಿನ ಮೇಲೆ ಹಾಕಿದ, ನಾನು ಕಲಿಸಿದ ಹಾಗೇ, ಚಂದವಾಗಿ. ಹಾಗಾದರೆ ಕುಂಟುವುದೇಕೆ? ಎದುರಾಳಿಗಳಲ್ಲಿ ಫೆಬ್ರವರಿಯಲ್ಲಿ ಅವನನ್ನು ಹಲಗೆಗೋಡೆಗೆ ಅಪ್ಪಳಿಸಿ ಮೂಗು ಮುರಿದ ದಾಂಡಿಗನೊಬ್ಬನಿದ್ದ. ನನಗೆ ಎಲ್ಲ ಹೊಂದಿಕೊಂಡಿತು. ಹುಡುಗ ಹೆದರಿದ್ದಾನೆ, ಇವತ್ತು ಅಡಗಿದರೆ ಇನ್ನು ಜನ್ಮವಿಡೀ ಅಡಗುತ್ತಾನೆ ಎಂದುಕೊಂಡೆ.

ಒಂದು ಮಾತು ಸಾಕಿತ್ತು. "ಗೊತ್ತಿಲ್ಲ" ಎಂದಿದ್ದರೂ ಸಾಕಿತ್ತು. ನಿಮ್ಮ ಮೆಟ್ಟಿಲು ಕಣ್ಣ ಮುಂದೆ ಬಂತು, ಸುಳ್ಳು ಹೇಳುವುದಿಲ್ಲ.

"ಕಾಲು ಸರಿಯಾಗಿದೆ. ಹೆದರ್ಕೊಂಡಿದಾನೆ ಅಷ್ಟೆ. ಆಡಿಸಿ" ಎಂದೆ.

ಬ್ರಾನಿಗನ್ ನನ್ನ ಮುಖವನ್ನೇ ನೋಡಿದರು. ಮ್ಯಾನೇಜರು "ಆಯ್ತಲ್ಲ" ಎಂದು ಹೊರಟುಹೋದರು. ಐಸಾಕ್ ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖ ಕೆಂಪಗಾಗಿತ್ತು. ಸಡಿಲಿಸಿದ್ದ ದಾರವನ್ನು ಮತ್ತೆ ಬಿಗಿದುಕೊಂಡ.

ನಾನು ಸೂಟು ಹಾಕಿಕೊಂಡು ಮೇಲೆ ಪತ್ರಕರ್ತರ ಸಾಲಿನ ಹಿಂದೆ ಕೂತು ಆಟ ನೋಡಿದೆ. ಐಸಾಕ್ ಆ ದಾಂಡಿಗನ ಮೇಲೆ ತಾನಾಗಿಯೇ ಎರಗಿ ಎರಗಿ ಹೋದ, ಅಷ್ಟು ಚೆನ್ನಾಗಿ ಆಡಿದ್ದನ್ನು ನಾನೆಂದೂ ನೋಡಿರಲಿಲ್ಲ. ನನ್ನ ಆಟ ಹೋದರೂ ಒಬ್ಬ ಹುಡುಗನ ಭಯ ಬಿಡಿಸಿದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವನು ನನಗೆ ಮುಖ ಕೊಡದೆ ಹೋದದ್ದನ್ನೂ ಅದೇ ಲೆಕ್ಕಕ್ಕೆ ಹಾಕಿದೆ. ನಾಲ್ಕು ದಿನ ಕಳೆದರೆ ಸಿಟ್ಟು ಇಳಿಯುತ್ತದೆ ಬಿಡು ಎಂದುಕೊಂಡೆ. ಎರಡು ತಿಂಗಳು ಆ ಸಮಾಧಾನದ ಮೇಲೆಯೇ ಓಡಾಡಿದೆ, ಅಮ್ಮ, ಅದೇನೂ ಸಣ್ಣದಾಗಿರಲಿಲ್ಲ.

ಆದ್ದರಿಂದ ಫೋಟೊ ಇಳಿಸಿಬಿಡಿ. ನಿಮ್ಮ ಕಟ್ಟುನಿಟ್ಟು ನನ್ನಿಂದ ಕೆಡುವುದು ಬೇಡ. ಆ ನಾಲ್ವರು ಆಡಿದವರು, ನಾನು ಸುತ್ತು ಹಾಕಿದವನು. ಮೊಳೆಯನ್ನು ಬೇಕಾದರೆ ಒರೆಸ್ಟ್ ಮಾವನ ಟೋಪಿಗೆ ಕೊಡಿ, ಅವರೂ ಎಷ್ಟೋ ವರ್ಷ ಕಾದಿದ್ದಾರೆ.

ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿರಲಿ. ಮಾವನ ಮಂಡಿ ಬೇಗ ಗಟ್ಟಿಯಾಗಲಿ, ನಿಮ್ಮ ಸಬ್ಬಸಿಗೆ ಸೊಪ್ಪಿಗೆ ಈ ವರ್ಷವಾದರೂ ಮೊಲದ ಕಾಟ ತಪ್ಪಲಿ. ನಿಮ್ಮ ಆಶೀರ್ವಾದ ನನ್ನ ಹೊಸ ಮನೆಯ ಮೇಲೂ ಇರಲಿ.

ನಿಮ್ಮ ನೆಲಮಾಳಿಗೆಯ ಮಗ,
ವೇಡ್

ಮರೆತ ಮಾತು, ೧೧ ಜೂನ್:

ಕಾಗದವನ್ನು ಅಂಟಿಸದೆ ಇಟ್ಟದ್ದು ಒಳ್ಳೆಯದಾಯಿತು. ನಿನ್ನೆ ಐಸಾಕ್ ಬಂದಿದ್ದ. ಟ್ರೇಸಿ ಹೇಳಿ ಕಳಿಸಿದ್ದಳಂತೆ, ಸಾಮಾನು ಸಾಗಿಸಲು ಮ್ಯಾನಿಟೋಬಾದಿಂದ ಗಾಡಿ ಹೊಡೆದುಕೊಂಡು ಬಂದುಬಿಟ್ಟಿದ್ದ. ಇಬ್ಬರೂ ಫ್ರಿಜ್ಜು ಎತ್ತಿ ಅಂಗಳಕ್ಕೆ ತಂದು ಇಳಿಸಿ ಉಸಿರು ಬಿಡುತ್ತಿದ್ದೆವು. ಅದರ ಬಾಗಿಲ ಮೇಲೆ ನಿಮ್ಮ ಕಾಗದ ಇನ್ನೂ ಇತ್ತು. ಅವನು ಅದನ್ನು ಓದಿದ.

"ಮುದುಕ, ಒಂದ್ ಕೇಳ್ಲಾ? ಅವತ್ತು ನಿಂಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಏನು?"

"ನನ್ ಕಾಲಿಗೆ ಏನೂ ಆಗಿರ್ಲಿಲ್ಲ."

"ಗೊತ್ತಾಯ್ತಲ್ಲ. ಅದನ್ನೇ ತಾನೆ ನಾನು ಹೇಳಿದ್ದು?"

"ಆದ್ರೆ ನಾನು ಯಾಕೆ ಕುಂಟ್ತಿದ್ದೆ ಅಂತ ನಿಂಗೆ ಗೊತ್ತಾಗ್ಲಿಲ್ಲ." ಫ್ರಿಜ್ಜಿನ ಬಾಗಿಲನ್ನು ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದ: "ಕಾಲು ನೋವು ಅಂತ ಹೇಳಿ ನಿನ್ನ ಕರೆಸಿದ್ದೇ ನಾನು. ಕೋಚ್‌ಗೂ ಗೊತ್ತಿತ್ತು. ಮ್ಯಾನೇಜರ್ ಮುಂದೆ ನೀನು ಒಂಚೂರು ತಲೆ ಅಲ್ಲಾಡಿಸಿದ್ರೆ ಮುಗೀತಿತ್ತು. ನೀನು ನೋಡಿದ್ರೆ ಎಲ್ಲರೆದುರಿಗೆ ನನ್ನ ಪುಕ್ಕಲ ಅಂದೆ."

ಅವನು ಬಗ್ಗಿ ಫ್ರಿಜ್ಜಿನ ಕೆಳಗೆ ಕೈ ಹಾಕಿದ. "ಬಾ, ಎತ್ತು. ಬಿಸಿಲು ಏರ್ತಿದೆ" ಎಂದ. ಎತ್ತಿದೆವು. ಸಂಜೆ ಹೊರಡುವಾಗ ಕೈ ಹಿಡಿದುಕೊಂಡೆ, ಅವನೇ ನನ್ನ ಬೆನ್ನು ತಟ್ಟಿದ.

ಅವನು ಹೋದ ಮೇಲೆ ನನ್ನ ಹತ್ತಿರ ಇರುವ ಆ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೀವೂ ಮೆಟ್ಟಿಲ ದೀಪ ಹಾಕಿ ನೋಡಿ. ಮುಂದೆ ಇರುವವನು ನಾನು, ನನ್ನ ಬೋಳುತಲೆ ಬಿಡಿ. ಹಿಂದೆ ಬಾಗಿಲ ಹತ್ತಿರ ಎರಡೂ ತೋಳು ಚಾಚಿ ಉಳಿದವರನ್ನು ತಡೆದು ನಿಂತು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾನಲ್ಲ, ಅವನು ಐಸಾಕ್. ಬಲಗಾಲನ್ನು ನೆಲದಿಂದ ಎತ್ತಿಬಿಟ್ಟಿದ್ದಾನೆ. ಅಷ್ಟೂ ಭಾರ ಆ ಎಡಗಾಲಿನ ಮೇಲೆಯೇ ಇದೆ. ನಾನು ಒಂದು ಸಲ ಹಿಂತಿರುಗಿ ನೋಡಿದ್ದರೆ ಸಾಕಿತ್ತು.

ಮೇಲೆ ಬರೆದದ್ದನ್ನು ಹೊಡೆದುಹಾಕಿ, ಅಮ್ಮ. ಫೋಟೊ ಇಳಿಸಬೇಡಿ. ಯಾರಾದರೂ ಇದು ಯಾರೆಂದು ಕೇಳಿದರೆ, ಹಿಂದೆ ನಿಂತವನ ಹೆಸರನ್ನು ಮೊದಲು ಹೇಳಿ.