ಬೋರಮ್ಮನ ಉತ್ತರ

ಜೂನ್ ೧೪, ಶನಿವಾರ

ವಿಡಿಯೊ ಇನ್ನೂ ಹಾಕಿಲ್ಲ. ಎಲ್ಲಿ ಕತ್ತರಿಸಬೇಕೆಂದೇ ತಿಳಿಯುತ್ತಿಲ್ಲ.

ನಮ್ಮ ಅಣಕು ಸುದ್ದಿಗೆ ಈ ವಾರ ಸುಲಭದ ವಸ್ತು ಸಿಕ್ಕಿತ್ತು. ಕಣಕಟ್ಟೆಯಲ್ಲಿ ಗಾಳಿಗೆ ಒಂದು ತೆಂಗಿನಮರ ಬಿದ್ದಿದೆ, ಅಷ್ಟೆ. ಅದಕ್ಕೆ ಟಿವಿಯವರ ಹಾಗೆ ಕೆಂಪು ಸುತ್ತು, ಬಾಣದ ಗುರುತು, ಢಂ ಢಂ ಸದ್ದು. 'ಈ ಗಾಳಿಯ ಹಿಂದೆ ಯಾರ ಕೈವಾಡ?' ಎಂದು ನಾನು ಕಿರುಚಿದೆ. ಫೋನ್ ಹಿಡಿದಿದ್ದ ಗೆಳತಿ ಸಿರಿಗೆ ನಗು ತಡೆಯಲಾಗಲಿಲ್ಲ.

ಕೋಲಿಗೆ ಕರಟ ಸಿಕ್ಕಿಸಿದ್ದೇ ನಮ್ಮ ಮೈಕ್. ಅದನ್ನು ಮರದ ಒಡತಿ ಬೋರಮ್ಮನ ಮುಂದೆ ಹಿಡಿದು, ಟಿವಿಯವರು ಸಾವಿನ ಮನೆಯಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: 'ಈಗ ನಿಮಗೆ ಹೇಗನ್ನಿಸ್ತಿದೆ?' ಆ ಪ್ರಶ್ನೆಗೇ ವಿಡಿಯೊ ಮುಗಿಯಬೇಕಿತ್ತು, ಜನ ನಗಬೇಕಿತ್ತು.

ಬೋರಮ್ಮ ಸೆರಗಿಗೆ ಕೈ ಒರೆಸಿಕೊಂಡರು. 'ನಾನು ಮದ್ವೆಯಾಗಿ ಬಂದ ವರ್ಷ ನಮ್ಮತ್ತೆ ನೆಟ್ಟಿದ್ದು ಕಣವ್ವಾ. ಅವ್ರು ಬೈದಾಗೆಲ್ಲ ಇದ್ರ ಬುಡದಲ್ಲಿ ಕೂತು ಅಳ್ತಿದ್ದೆ. ಈಗ ಬೈಯೋರೂ ಇಲ್ಲ, ಮರಾನೂ ಇಲ್ಲ.'

ಆ ಕರಟದ ಮುಂದೆ ಹತ್ತು ನಿಮಿಷ ಮಾತಾಡಿದರು. ಸಿರಿ ಫೋನ್ ಇಳಿಸಲಿಲ್ಲ. ನಾವು ಹೊರಟಾಗ ಎಳನೀರು ಕೊಟ್ಟು, 'ಇದ್ನ ಯಾರೂ ಕೇಳ್ಲೇ ಇಲ್ಲ ಕಣ್ರವ್ವಾ' ಎಂದರು.

ಆ ಪ್ರಶ್ನೆಯೇ ಪೊಳ್ಳು ಎಂದುಕೊಂಡಿದ್ದೆ. ಟಿವಿಯವರು ಉತ್ತರ ಮುಗಿಯುವ ಮೊದಲೇ ಮೈಕ್ ಎಳೆದುಕೊಳ್ಳುತ್ತಾರೆ. ನಾವು ಉತ್ತರಕ್ಕೆ ಜಾಗವನ್ನೇ ಇಟ್ಟಿರಲಿಲ್ಲ.