ಹಳದಿ ಕಣ್ಣಿನ ನಮ್ಮ ಕೂಸು

ಕಲಬುರಗಿ, ನೆರಳಿನ ವರ್ಷ ಅರವತ್ತೆರಡು, ಶ್ರಾವಣ

ನನ್ನ ಅಜ್ಜಿಯ ಅಜ್ಜಿ ಶಿವಗಂಗವ್ವನವರಿಗೆ,

ನಿಮ್ಮ ಮೊಮ್ಮಗಳ ಮೊಮ್ಮಗ ಸಿದ್ರಾಮನ ಶರಣಾರ್ಥಿಗಳು. ನೀವು ಚೊಚ್ಚಲ ಬಸುರಿಯಾಗಿರುವಾಗಲೇ ಈ ಪತ್ರ ನಿಮಗೆ ಮುಟ್ಟಲಿ ಎಂಬುದು ನನ್ನ ಆಸೆ. ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಊರಿನ ಬೀದಿಗಳಿಗೆಲ್ಲ ಚಾವಣಿ ಹೊದಿಸಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಆ ಚಾವಣಿಗೆ ‘ಊರನೆರಳು’ ಎಂದು ಹೆಸರು. ಅದರ ಹೊರಗಿನ ಬಿಸಿಲಿಗೆ ಈಗ ಯಾರೂ ಬರಿಮೈ ಒಡ್ಡುವುದಿಲ್ಲ.

ನನಗೆ ಮಗಳು ಹುಟ್ಟಿದ್ದಾಳೆ. ಹೆಂಡತಿ ಇಂದುಮತಿಯ ತವರು ನಮ್ಮ ಓಣಿಯಲ್ಲೇ ಇರುವುದರಿಂದ ಬಾಣಂತನವೂ ಅಲ್ಲೇ. ಹುಟ್ಟಿ ಎರಡು ದಿನ ಕಳೆಯುವಷ್ಟರಲ್ಲಿ ಕೂಸಿನ ಮುಖ, ಕಣ್ಣು ಹಳದಿಯಾದವು. ದವಾಖಾನೆಯವರು ರಕ್ತ ನೋಡಿ, ಇದು ಬಹಳ ಕೂಸುಗಳಿಗೆ ಬರುವ ಕಾಮಾಲೆ, ಎದೆಹಾಲನ್ನೇ ಮೇಲಿಂದ ಮೇಲೆ ಕುಡಿಸಿರಿ, ಹಳದಿ ಕಾಲಿಗಿಳಿದರೆ ಅಥವಾ ಕೂಸು ಹಾಲು ಬಿಟ್ಟರೆ ತಡಮಾಡದೆ ಕರೆತನ್ನಿ ಎಂದು ಹೇಳಿ ಕಳಿಸಿದರು.

ಅತ್ತೆ ನೀಲವ್ವನಿಗೆ ಇದು ಸಾಲದೆನಿಸಿತು. ತನ್ನ ಅವ್ವ ಎಲ್ಲ ಮಕ್ಕಳನ್ನೂ ಎಳೆಬಿಸಿಲಿಗೆ ಹಿಡಿದೇ ಬೆಳೆಸಿದಳೆಂದು ಊರನೆರಳಿನ ಅಂಚಿಗೆ ಕೂಸನ್ನು ಒಯ್ಯಲು ಹೊರಟಳು. ಇಂದುಮತಿ ಬಿಡಲಿಲ್ಲ. ಅವ್ವ ಮಗಳ ನಡುವೆ ಮಾತು ನಿಂತಿತು. ಮುನಿದಿದ್ದರೂ ನೀಲವ್ವ ಮಗಳ ತಲೆಗೆ ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ.

ಮರುದಿನ ಕೂಸು ಅಳಲೇ ಇಲ್ಲ, ಬರೀ ಮಲಗಿತ್ತು. ಎಂಥ ಶಾಂತ ಕೂಸು ಎಂದು ನಾವೆಲ್ಲ ಹಿಗ್ಗಿದೆವು. ಮಧ್ಯಾಹ್ನ ಬಟ್ಟೆ ಬದಲಿಸಲು ಹೋದ ನೀಲವ್ವನಿಗೆ ಬೆಳಗಿನ ಬಟ್ಟೆ ಒಂದಿಷ್ಟೂ ಒದ್ದೆಯಾಗದೆ ಹಾಗೇ ಸಿಕ್ಕಿತು. ಅಂಗಾಲು ಕೆರೆದಳು. ಕೂಸು ಕಣ್ಣು ತೆರೆಯಲಿಲ್ಲ, ಎದೆಗಿಟ್ಟರೂ ಬಾಯಿ ಹಾಕಲಿಲ್ಲ. ಕಾಲೆಲ್ಲ ಹಳದಿ.

“ಇದು ನಿದ್ದಿ ಅಲ್ಲ, ಸಿದ್ರಾಮಪ್ಪ. ಗಾಡಿ ತರ್ರಿ,” ಎಂದಳು.

ದವಾಖಾನೆಯಲ್ಲಿ ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ, ಹಳದಿ ಇಳಿಸುವ ನೀಲಿ ಬೆಳಕಿನಡಿ ಮಲಗಿಸಿದರು. ಗಾಜಿನಾಚೆ ನಿಂತ ಅವ್ವ ಮಗಳು ಯಾವಾಗ ಕೈ ಹಿಡಿದುಕೊಂಡರೋ ನಾನು ನೋಡಲಿಲ್ಲ. ಕೂಸು ತಾನಾಗಿ ಹಾಲು ಕುಡಿಯತೊಡಗಿದ ಮೇಲೆ ‘ಬೆಳಕುದುಪ್ಪಟಿ’ ಕೊಟ್ಟು ಮನೆಗೆ ಕಳಿಸಿದರು. ಅದು ತಾನೇ ನೀಲಿ ಬೆಳಕು ಸೂಸುವ ಮೆತ್ತನೆಯ ಬಟ್ಟೆ. ಕೂಸನ್ನು ಅದರಲ್ಲಿ ಸುತ್ತಿಕೊಂಡೇ ತಾಯಿ ಹಾಲೂಡಬಹುದು. ನೀಲವ್ವ ಮೊದಲು ಅದನ್ನು ಮುಟ್ಟಲು ಅಂಜಿದಳು. ಆಮೇಲೆ ಕೂಸನ್ನು ತಾನೇ ಎತ್ತಿಕೊಂಡು, “ಬಿಸಿಲಿನಂಗ ಸುಡೂದಿಲ್ಲ ನೋಡವ್ವ,” ಎಂದು ಮಗಳಿಗೆ ಮೆಲ್ಲಗೆ ಹೇಳಿದಳು. ಇಂದುಮತಿ ಅವಳ ಭುಜಕ್ಕೆ ತಲೆಯಾನಿಸಿದಳು.

ಹಳದಿ ಕಾಲಿನಿಂದ ಇಳಿಯಿತು, ಹೊಟ್ಟೆಯಿಂದ ಇಳಿಯಿತು, ಕಡೆಗೆ ಕಣ್ಣೂ ತಿಳಿಯಾಯಿತು. ದವಾಖಾನೆಯವರು ಮತ್ತೆ ರಕ್ತ ನೋಡಿ ಇನ್ನು ಭಯವಿಲ್ಲ ಎಂದರು.

ಒಂದು ಬೇಡಿಕೆ, ತಾಯಿ. ನಿಮ್ಮ ಕೂಸು ಹಾಲಿನ ಹೊತ್ತಿಗೂ ಏಳದಿದ್ದರೆ, ಮಲಗಲಿ ಬಿಡಿ ಎಂದು ಯಾರೇ ಹೇಳಿದರೂ ಕೇಳಬೇಡಿ. ಎಬ್ಬಿಸಿ, ಏಳದಿದ್ದರೆ ಎತ್ತಿಕೊಂಡು ದವಾಖಾನೆಗೆ ಓಡಿ. ಆ ಕೂಸು ಉಳಿದರೇ ನಾವು.

ಒಳಗೆ ನಮ್ಮವಳು ಹಸಿದು ಅಳುತ್ತಿದ್ದಾಳೆ. ಅವಳ ದನಿ ಎಷ್ಟು ದೊಡ್ಡದೆಂದರೆ, ಕಿವಿಗೊಟ್ಟರೆ ನಿಮಗೂ ಕೇಳಿಸೀತು.